ಶಿಕಾರಿಪುರದ ನೆಲದಡಿ ಬೆಂಕಿಯಿಲ್ಲ, ಒತ್ತಡವಿದೆ

2022ರ ಅಕ್ಟೋಬರ್ ಮೊದಲ ವಾರದಲ್ಲಿ ಒಂದು ದಿನ, ಬೆಳಕು ಹರಿಯುವ ಮುನ್ನವೇ ಶಿಕಾರಿಪುರ, ಶಿರಾಳಕೊಪ್ಪ ಭಾಗದಲ್ಲಿ ನೆಲ ಲಘುವಾಗಿ ನಡುಗಿತು. ಮಲೆನಾಡಿನ ಅಂಚಿನಲ್ಲಿ ಇಂಥದ್ದು ನಡೆದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ದಖನ್ನಿನ ಗಟ್ಟಿ ಬಂಡೆಯ ಮೇಲೆ ಭೂಕಂಪವೇ ಆಗದು ಎಂಬುದು ಒಂದು. ನೆಲದಡಿ ಲಾವಾ ಕುದಿಯುತ್ತಿದೆ, ಎಂದಾದರೂ ಉಕ್ಕೀತು ಎಂಬುದು ಇನ್ನೊಂದು. ಎರಡೂ ತಪ್ಪು.

ಎರಡನೆಯದನ್ನೇ ಮೊದಲು ನೋಡೋಣ. ಭೂಮಿಯ ಗಟ್ಟಿ ಹೊರಪದರ ಹಲವು ಫಲಕಗಳಾಗಿ ಒಡೆದಿದೆ. ಈ ಫಲಕಗಳು ಲಾವಾದ ಕಡಲಿನ ಮೇಲೆ ತೇಲುತ್ತಿವೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಅಡಿಯಲ್ಲಿರುವುದು ಕಾದ ಕಲ್ಲು. ಘನವಾಗಿದ್ದೂ ಅದು ಅತಿ ನಿಧಾನವಾಗಿ ಹರಿಯುತ್ತದೆ. ಅದು ಕರಗುವುದು ಮುಖ್ಯವಾಗಿ ಮೂರು ಕಡೆ: ಫಲಕಗಳು ದೂರ ಸರಿಯುವಲ್ಲಿ, ಸಾಗರದಡಿಯ ಫಲಕವೊಂದು ಇನ್ನೊಂದರ ಕೆಳಗೆ ಇಳಿಯುವಲ್ಲಿ ಮತ್ತು ಆಳದಿಂದ ವಿಪರೀತ ಬಿಸಿ ಮೇಲೇರುವಲ್ಲಿ. ಶಿಕಾರಿಪುರ, ಪಕ್ಕದ ಸೊರಬಗಳಲ್ಲಿ ಇಂದು ಈ ಮೂರರಲ್ಲಿ ಒಂದೂ ಇಲ್ಲ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಅಲ್ಲಿ ಫಲಕ ಕೆಳಗಿಳಿಯುತ್ತಿದೆ.

ಭೂಕಂಪವಿದ್ದಲ್ಲಿ ಜ್ವಾಲಾಮುಖಿ ಇರಲೇಬೇಕೆಂದಿಲ್ಲ ಎಂಬುದಕ್ಕೆ ಹಿಮಾಲಯವೇ ಸಾಕ್ಷಿ. 2015ರ ಏಪ್ರಿಲ್ 25ರಂದು ನೇಪಾಳ 7.8 ತೀವ್ರತೆಯ ಕಂಪನಕ್ಕೆ ತತ್ತರಿಸಿತು. ಆದರೂ ಆ ಪರ್ವತಸಾಲಿನಲ್ಲಿ ಬೆಂಕಿಯುಗುಳುವ ಬೆಟ್ಟವಿಲ್ಲ, ಏಕೆಂದರೆ ಅಲ್ಲಿ ಸಾಗರದಡಿಯ ಫಲಕ ಕೆಳಗಿಳಿಯುತ್ತಿಲ್ಲ, ಎರಡು ಭೂಖಂಡಗಳು ಗುದ್ದಾಡುತ್ತಿವೆ.

ಸೊರಬದ ಗೋಡೆಗಳಲ್ಲಿ ಕಾಣುವ ತೂತುತೂತಾದ ಜಂಬಿಟ್ಟಿಗೆ ಕಲ್ಲೂ ಕಣ್ಣಿಗೆ ಮೋಸ ಮಾಡುತ್ತದೆ. ನೋಡಲು ಲಾವಾ ಕಲ್ಲಿನಂತಿದ್ದರೂ ಅದನ್ನು ರೂಪಿಸಿದ್ದು ಬೆಂಕಿಯಲ್ಲ, ಮಳೆ ಮತ್ತು ಬಿಸಿಲು. ನೀರು ಬಂಡೆಯ ಸತ್ವವನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಅಂಶಗಳನ್ನು ಉಳಿಸಿದ್ದರಿಂದ ಅದಕ್ಕೆ ಆ ಕೆಂಪು ಬಂದಿದೆ. ನಿಜವಾದ ಲಾವಾ ನೋಡಬೇಕಿದ್ದವರು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿ, ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿದ ಶಿಲೆ ಅಲ್ಲಿದೆ. ವಿಜಯಪುರ, ಬೀದರ್ ಕಡೆಯ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಳೆಯದು. ಕರ್ನಾಟಕ ಬೆಂಕಿಯನ್ನು ಕಂಡದ್ದು ನಿಜ. ಆದರೆ ಆ ಒಲೆಗಳು ಆರಿ ಯುಗಗಳೇ ಕಳೆದಿವೆ.

ಹಾಗಾದರೆ ನೆಲ ನಡುಗುವುದೇಕೆ? ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಸೊರಬದಿಂದ ಹಿಮಾಲಯ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ಒತ್ತಡ ಫಲಕದ ಒಡಲಿಗೂ ಹರಡುತ್ತದೆ. ಒಣಗಿದ ತೊಲೆಯನ್ನು ತುದಿಯಿಂದ ಒತ್ತಿದರೆ ಹಳೆಯ ಬಿರುಕಿದ್ದ ಕಡೆಯೇ ಚಟ್ಟೆನ್ನುವಂತೆ, ಧಾರವಾಡ ಶಿಲಾಪ್ರದೇಶದ ಪುರಾತನ ಸ್ತರಭಂಗಗಳು ಆಗೊಮ್ಮೆ ಈಗೊಮ್ಮೆ ಜರುಗುತ್ತವೆ.

ಇದೇ ಸೀಮೆಯ ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಒಂಬತ್ತು ಶತಮಾನ ನಿಂತಿದೆ, ಇನ್ನೇಕೆ ಭಯ ಎನ್ನಬಹುದು. ಕೋಟಿ ವರ್ಷಗಳ ಲೆಕ್ಕವಿಡುವ ಬಂಡೆಗೆ ಒಂಬತ್ತು ಶತಮಾನ ಏನೂ ಅಲ್ಲ. ಮಹಾರಾಷ್ಟ್ರದ ಕಿಲ್ಲಾರಿಯ ನೆಲವನ್ನೂ ಸ್ಥಿರವೆಂದೇ ತಿಳಿಯಲಾಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. ಕಂಪನದ ಬಲಕ್ಕಿಂತಲೂ ಮಲಗಿದ್ದವರ ಮೇಲೆ ಕುಸಿದ ಕಲ್ಲು, ಮಣ್ಣಿನ ಗೋಡೆಗಳೇ ಹೆಚ್ಚು ಜೀವ ತೆಗೆದವು.

ಸಣ್ಣ ಕಂಪನಗಳಾದರೆ ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ತೀವ್ರತೆ ಒಂದಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6 ತೀವ್ರತೆಯ ಒಂದೇ ಭೂಕಂಪದ ಶಕ್ತಿಗೆ 4ರ ಸಾವಿರ ಕಂಪನಗಳು ಬೇಕು.

ನಡುಕವೆಲ್ಲ ಭೂಕಂಪವೂ ಅಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಸುತ್ತಮುತ್ತ ಜನ ಭೂಕಂಪವೆಂದೇ ಮನೆಯಿಂದ ಹೊರಗೋಡಿ ಬಂದರು. ಸಿಡಿದದ್ದು ಹುಣಸೋಡು ಕಲ್ಲುಕ್ವಾರಿ ಬಳಿಯ ಸ್ಫೋಟಕ, ಅದು ಹಲವರ ಜೀವ ತೆಗೆಯಿತು.

ಇಂಥ ದಿನ ಇಷ್ಟು ಹೊತ್ತಿಗೆ ಭೂಕಂಪ ಆಗುತ್ತದೆಂದು ಹೇಳಬಲ್ಲ ವಿಜ್ಞಾನ ಇನ್ನೂ ಹುಟ್ಟಿಲ್ಲ. ಆದ್ದರಿಂದ ದಿನಾಂಕ ಹೊತ್ತು ಬರುವ ಮೊಬೈಲ್ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಮುಂದಿನ ಸಲ ನೆಲ ನಡುಗಿದರೆ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಪ್ರಕಟಿಸುವ ಸಮಯ, ತೀವ್ರತೆ, ಆಳ ನೋಡಿ. ಮನೆ ಕಟ್ಟುವಾಗ ಗೋಡೆಗಳನ್ನು ಸುತ್ತ ಬಿಗಿದು ಹಿಡಿಯುವ ಲಿಂಟಲ್ ಬೆಲ್ಟಿನ ಕಾಂಕ್ರೀಟಿಗೆ ಮಾತ್ರ ಜಿಪುಣತನ ಮಾಡಬೇಡಿ.