ನನಗೂ ಒಂದು ಟೋಕನ್ ಕೊಡಿ!

ಮೊಮ್ಮಗಳ ಆರತಕ್ಷತೆ. ಛತ್ರದ ತೆರೆದ ಅಂಗಳದಲ್ಲಿ ಹಾಡು ಹಾಕುವ ಹೊಣೆ ಅವಳ ತಮ್ಮನದು. ಎಂಜಿನಿಯರಿಂಗ್ ಓದುತ್ತಲೇ ರಜಾ ದಿನಗಳಲ್ಲಿ ಡಿಜೆ ಆಗಿ ನಾಲ್ಕು ಕಾಸು ಸಂಪಾದಿಸುವ ಹುಡುಗ. ಬೀಗರ ಕಡೆಯ ಹತ್ತು ವರ್ಷದ ಪುಟ್ಟನೊಬ್ಬ ಅವನ ಬಳಿ ಹೋಗಿ, "ಅಣ್ಣಾ, ಒಂದೇ ಒಂದ್ ಸಲ ನಾನು ಮಾಡ್ತೀನಿ" ಎಂದ. ಮೊಮ್ಮಗ ತಲೆಯೆತ್ತದೆ, ನೊಣ ಓಡಿಸುವಂತೆ ಕೈಬೀಸಿದ. ಮಗುವಿನ ಮುಖ ಸಣ್ಣದಾಯಿತು.

ಆ ಮುಖ ನನಗೆ ಗೊತ್ತು. ಅದೇ ವಯಸ್ಸಿನಲ್ಲಿ, ಶಾಲಾ ವಾರ್ಷಿಕೋತ್ಸವದ ದಿನ ಹಾರ್ಮೋನಿಯಂ ಮುಟ್ಟಲು ಹೋಗಿ ಮೇಷ್ಟ್ರಿಂದ "ಹೋಗೋ ಆಚೆ" ಅನ್ನಿಸಿಕೊಂಡಿದ್ದೆ. ಬಿ.ಕಾಂ. ಮುಗಿಸಿದೆ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದೆ. ಹಾರ್ಮೋನಿಯಂ ಮಾತ್ರ ಮತ್ತೆ ಮುಟ್ಟಲಿಲ್ಲ.

ಕುರ್ಚಿ ಎಳೆದುಕೊಂಡು ಮೊಮ್ಮಗನ ಪಕ್ಕ ಕೂತೆ. "ಯಾಕೋ ಹಾಗೆ ಓಡಿಸಿದೆ?"

"ತಾತ, ಇಲ್ಲಿ ನೋಡಿ. ಈ ಕಡೆಯ ಹಾಡು ಎಲ್ಲರಿಗೂ ಕೇಳಿಸ್ತಿದೆ. ಆ ಕಡೆಯದು ಮುಂದಿನ ಹಾಡು, ನನ್ನ ಹೆಡ್‌ಫೋನಿಗೆ ಮಾತ್ರ. ಎರಡರ ತಾಳದ ವೇಗ ಸರಿಹೊಂದಿಸಿ, ಮಧ್ಯದ ಗುಂಡಿ ಮೆಲ್ಲಗೆ ಸರಿಸ್ತೀನಿ. ನಡುವೆ ಯಾರಾದ್ರೂ ಕೈ ಹಾಕಿದ್ರೆ ಕುಣಿಯೋರೆಲ್ಲ ನಿಂತುಬಿಡ್ತಾರೆ. ನಿಮ್ಮ ಕ್ಯಾಷ್ ಕೌಂಟರ್ ಒಳಗೆ ಯಾರನ್ನಾದ್ರೂ ಬಿಡ್ತಿದ್ರಾ?"

ಅವನ ಮಾತೂ ನ್ಯಾಯವೇ. ಎರಡು ಯಂತ್ರಗಳ ಈ ಆಟಕ್ಕೆ ಇತಿಹಾಸವೂ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ತರುಣ ಹಾಡು ಹಾಕಿದ್ದು ಕೂಡ ತನ್ನ ಸೋದರಿ ಏರ್ಪಡಿಸಿದ್ದ ಸಂತೋಷಕೂಟದಲ್ಲೇ! ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು, ಜನ ಕುಣಿಯುವ ತಾಳದ ಭಾಗವನ್ನೇ ಮತ್ತೆ ಮತ್ತೆ ಬರಿಸಿ ಉದ್ದ ಮಾಡುವ ಕೈಚಳಕಕ್ಕೆ ಆತ ಹೆಸರಾದ.

"ಒಳಗೆ ಬಿಡ್ತಿರಲಿಲ್ಲ, ನಿಜ. ಆದರೆ ಕೈಬೀಸಿ ಓಡಿಸ್ತಲೂ ಇರಲಿಲ್ಲ. ಟೋಕನ್ ಕೊಡ್ತಿದ್ವಿ" ಎಂದೆ. ಹಿತ್ತಾಳೆಯ ಆ ಬಿಲ್ಲೆ ಕೈಗೆ ಬಂದರೆ ಎಂಥ ಅವಸರದ ಗಿರಾಕಿಯೂ ಬೆಂಚಿನ ಮೇಲೆ ಸಮಾಧಾನವಾಗಿ ಕೂರುತ್ತಿದ್ದ.

ಮುಯ್ಯಿ ಬರೆಯುವ ಪುಸ್ತಕದ ಕೊನೆಯ ಹಾಳೆ ಹರಿದು ಚೀಟಿ ಮಾಡಿ ನಂಬರ್ ಹಾಕಿದೆ. ಚೀಟಿಗೊಂದು ಹಾಡು. ಯಂತ್ರ ಮುಟ್ಟುವ ಆಸೆಯಿದ್ದವರು ಊಟದ ಹೊತ್ತಿಗೆ ಬರಬೇಕು. 1ನೇ ಚೀಟಿ ಪುಟ್ಟನಿಗೆ. ಅಷ್ಟರಲ್ಲಿ ಬೀಗರೇ ಬಂದು, "ಕಾಲೇಜಿನಲ್ಲಿ ಆರ್ಕೆಸ್ಟ್ರಾ ನಡೆಸಿದವನು ನಾನು" ಎನ್ನುತ್ತಾ ಯಂತ್ರಕ್ಕೆ ಕೈ ಚಾಚಿದರು. ಬೀಗರನ್ನು ಎದುರು ಹಾಕಿಕೊಳ್ಳುವುದುಂಟೇ? "ಬನ್ನಿ ಬೀಗ್ರೇ, ನಿಮ್ಮದು 4ನೇ ನಂಬರ್" ಎಂದೆ. ನಕ್ಕು, ಚೀಟಿ ಜೇಬಿಗಿಳಿಸಿದರು.

ಜನ ಊಟಕ್ಕೆದ್ದಾಗ ಪುಟ್ಟ ಓಡಿ ಬಂದ. ಮೊಮ್ಮಗ ಅವನಿಗೆ ಹೆಡ್‌ಫೋನ್ ತೊಡಿಸಿ, ಬೆರಳನ್ನು ಮಧ್ಯದ ಗುಂಡಿಯ ಮೇಲಿಟ್ಟ. ಧ್ವನಿಯ ತಿರುಪಿನ ಮೇಲೆ ಮಾತ್ರ ತನ್ನದೇ ಕೈ. ತಾಳ ಕೊಂಚ ಎಡವಿತು. ಪಾಯಸ ಸುರಿಯುತ್ತಿದ್ದವರ ಕಿವಿಗೆ ಅದೇನೂ ಬೀಳಲಿಲ್ಲ!

ಬಯಲಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು, ಅದು ಕಾನೂನು. 7ನೇ ಚೀಟಿ ಉಳಿದೇಹೋಯಿತು. ಆ ಚೀಟಿ ಹಿಡಿದಿದ್ದ ಹುಡುಗಿಯ ಬಳಿ ಮೊಮ್ಮಗ ತಾನೇ ಹೋಗಿ, "ತಪ್ಪಾಯ್ತು ಪುಟ್ಟಿ" ಎಂದು ಅವಳ ಹಾಡನ್ನು ಹೆಡ್‌ಫೋನಿನಲ್ಲೇ ಪೂರ್ತಿ ಕೇಳಿಸಿದ.

ಮಕ್ಕಳೇ, ಕೆಲಸದಲ್ಲಿರುವವರನ್ನು "ನನಗೆ ಕೊಡಿ" ಎನ್ನುವ ಬದಲು "ಯಾವಾಗ ಬರಲಿ?" ಎಂದು ಕೇಳಿ. ನನ್ನ ವಯಸ್ಸಿನವರೇ, ಕೇಳಿದ ಮಗುವಿಗೆ ಒಂದು ಹೊತ್ತು ಗೊತ್ತುಮಾಡಿ ಹೇಳಿ, ಆ ಮಾತು ಉಳಿಸಿಕೊಳ್ಳಿ.

ಅಂದಹಾಗೆ, ಮೊಮ್ಮಗ ಮೊನ್ನೆ ನನ್ನ ಕೈಗೂ ಒಂದು ಚೀಟಿ ಇಟ್ಟ: "1ನೇ ನಂಬರ್. ಭಾನುವಾರ. ಹಾರ್ಮೋನಿಯಂ."