ಅಂಗಳದ ಹಸಿರಿಗೊಂದು ಅಂಚು

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳಲು ಕುಳಿತ ತಾಯಂದಿರು ಮಡಿಕೆಯನ್ನು ಬಿಚ್ಚಿ ಮೊದಲು ನೋಡುವುದು ಅಂಚನ್ನು. ಒಡಲಿನ ಬಣ್ಣ ಎಷ್ಟೇ ಸೊಗಸಾಗಿರಲಿ, ಅಂಚು ಡೊಂಕಾಗಿದ್ದರೆ ಸೀರೆ ಕಳೆಗುಂದುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಸೀರೆಯ ಕೀರ್ತಿಯಲ್ಲಿ ಅಂಚಿನ ಪಾಲು ಸಣ್ಣದಲ್ಲ. ಮನೆಯ ಮುಂದಿನ ಹುಲ್ಲುಹಾಸಿಗೂ ಇದೇ ಮಾತು ಅನ್ವಯಿಸುತ್ತದೆ. ಹುಲ್ಲು ಎಷ್ಟು ಹಸಿರಾಗಿದ್ದರೂ ಅದು ಕಾಲುದಾರಿಯ ಮೇಲೆ ಹರಿದು ಬಂದಿದ್ದರೆ ಅಂಗಳ ಅಸ್ತವ್ಯಸ್ತವಾಗಿ ಕಾಣುತ್ತದೆ. ಅಂಚು ನೇರವಾಗಿದ್ದರೆ ಚಿಕ್ಕ ಹಸಿರೂ ಶೋಭಿಸುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ, ನೀರಿನ ಪ್ರಶ್ನೆ.

ವಿಶಾಲವಾದ ಹುಲ್ಲುಹಾಸು ವರ್ಷವಿಡೀ ತುಂತುರು ಮಳೆ ಬೀಳುವ ಇಂಗ್ಲೆಂಡಿನಂಥ ನಾಡಿನ ರೂಢಿ. ಚಳ್ಳಕೆರೆ, ಮೊಳಕಾಲ್ಮೂರುಗಳು ಕರ್ನಾಟಕದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಇಲ್ಲಿನ ವಾರ್ಷಿಕ ಸರಾಸರಿ 500 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಈ ನೆಲದ ಸಹಜವಾದ ಹುಲ್ಲು ಅಮೃತಮಹಲ್ ಕಾವಲುಗಳ ಹುಲ್ಲು. ಬೇಸಿಗೆಯಲ್ಲಿ ಒಣಗಿ ಕಂದಾಗುವುದು, ಮಳೆ ಬಿದ್ದೊಡನೆ ಚಿಗುರುವುದು ಅದರ ಧರ್ಮ. ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂಬುದನ್ನು ಭಕ್ತರು ಇಂದಿಗೂ ನೆನೆಯುತ್ತಾರೆ. ಕೆರೆ ಕಟ್ಟಿಸಿದವರನ್ನು ಪೂಜಿಸುವ ನಾಡಿನಲ್ಲಿ ಒಂದು ಕೊಡ ನೀರೂ ಲೆಕ್ಕಕ್ಕೆ ಬರಬೇಕಲ್ಲವೆ?

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಬಿರುಬೇಸಿಗೆಯಲ್ಲಿ ಹುಲ್ಲನ್ನು ಹಸಿರಾಗಿಡಲು ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಗೇಟಿನಿಂದ ಬಾಗಿಲವರೆಗೆ 60 ಅಡಿ ಉದ್ದದ ಮಣ್ಣಿನ ದಾರಿಯಿದ್ದು, ಎರಡೂ ಬದಿಯ ಹುಲ್ಲು ಒಂದೊಂದು ಅಡಿ ಮುಂದೆ ಸರಿದಿದೆಯೆಂದು ಭಾವಿಸಿರಿ. ಅಲ್ಲಿಗೆ 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್ ಹುಲ್ಲು ಹೆಚ್ಚಾಯಿತು. ಅದಕ್ಕೆ ದಿನಕ್ಕೆ 55 ಲೀಟರ್ ನೀರು ಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ಒದಗಿಸಲು ಗೊತ್ತುಮಾಡಿರುವ ಪ್ರಮಾಣವೂ 55 ಲೀಟರೇ! ನಾವು ಬೆಳೆಸದೆ ತಾನಾಗಿ ಹಬ್ಬಿದ ಹುಲ್ಲು ಒಬ್ಬ ಮನುಷ್ಯನ ಪಾಲಿನ ನೀರನ್ನು ಕುಡಿಯುತ್ತದೆ ಎಂದಾಯಿತು.

ಇನ್ನೂ ಒಂದು ಕಾರಣವುಂಟು. ಹುಲ್ಲು ಮುಚ್ಚಿದ ಚಪ್ಪಡಿಯ ಮೂಲೆ ಕಣ್ಣಿಗೆ ಕಾಣದೆ ಮುಸ್ಸಂಜೆಯಲ್ಲಿ ನಡೆದು ಬರುವ ಹಿರಿಯರ ಕಾಲಿಗೆ ತಾಗುತ್ತದೆ. ದಾರಿಯ ಬದಿಯಲ್ಲಿ ಎತ್ತರಕ್ಕೆ ಬೆಳೆದ ಹುಲ್ಲಿನಲ್ಲಿ ಚೇಳು, ಹಾವು ಅಡಗಿದರೆ ಗೊತ್ತಾಗುವುದಿಲ್ಲ. ಮಕ್ಕಳು ಓಡಾಡುವ ಮನೆ, ಭಕ್ತರು ಬರಿಗಾಲಿನಲ್ಲಿ ನಡೆಯುವ ಮಠದ ಆವರಣ, ಶಾಲೆಯ ಅಂಗಳ - ಎಲ್ಲೆಡೆಯೂ ದಾರಿಯ ಅಂಚು ಸ್ಪಷ್ಟವಾಗಿರುವುದು ಕ್ಷೇಮ.

ಅಂಚು ಕಡಿಯುವ ಕ್ರಮ

ನಮ್ಮಲ್ಲಿ ಹೆಚ್ಚಾಗಿ ಹುಲ್ಲುಹಾಸಿಗೆ ಬಳಸುವುದು ಗರಿಕೆ. ಅದು ನೆಲದ ಮೇಲೂ ನೆಲದೊಳಗೂ ಕಾಂಡಗಳನ್ನು ಚಾಚುತ್ತದೆ. ಒಂದೊಂದು ಗೆಣ್ಣಿನಲ್ಲಿಯೂ ಬೇರು ಬಿಡುತ್ತದೆ. ಆದ್ದರಿಂದ ಮೇಲಿನ ಎಲೆಯನ್ನಷ್ಟೇ ಕುಡುಗೋಲಿನಿಂದ ಸವರಿದರೆ ಪ್ರಯೋಜನವಿಲ್ಲ. ಕೆಲವೇ ದಿನಗಳಲ್ಲಿ ಅದು ಮತ್ತೆ ದಾರಿಗೆ ಬರುತ್ತದೆ.

ಕೆಂಪು ನೆಲ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುವುದರಿಂದ ಒಂದು ಹದವಾದ ಮಳೆಯಾದ ಮರುದಿನ ಕೆಲಸಕ್ಕೆ ತೊಡಗುವುದು ಲೇಸು. ದಾರಿಯ ಎರಡು ತುದಿಗೆ ಗೂಟ ನೆಟ್ಟು ಹುರಿಯನ್ನು ಬಿಗಿಯಾಗಿ ಕಟ್ಟಿರಿ. ದಾರಿ ಬಾಗಿದ್ದರೆ ಹಗ್ಗವನ್ನು ನೆಲದ ಮೇಲೆ ಬಾಗಿಸಿ ಇಟ್ಟರೆ ಸಾಕು. ಆ ಗೆರೆಗೆ ಸರಿಯಾಗಿ ಚಪ್ಪಟೆ ಬಾಯಿಯ ಸಲಿಕೆಯನ್ನು ನೆಟ್ಟಗೆ ಊರಿ ಮೂರು ನಾಲ್ಕು ಅಂಗುಲ ಆಳಕ್ಕೆ ಕಡಿಯಿರಿ. ದಾರಿಯ ಕಡೆಯ ಹುಲ್ಲನ್ನು ಬೇರುಸಹಿತ ಎತ್ತಿ, ಎರಡು ಅಂಗುಲ ಅಗಲದ ಸಣ್ಣ ಕಾಲುವೆಯನ್ನು ಬಿಡಿರಿ. ಹೊಸ ಕುಡಿ ಈ ಕಾಲುವೆಯನ್ನು ದಾಟಲು ಬಂದಾಗ ಕಣ್ಣಿಗೆ ಬೀಳುತ್ತದೆ, ಕೈಯಿಂದಲೇ ಕಿತ್ತು ಹಾಕಬಹುದು.

ಮುಂಗಾರಿನ ಆರಂಭದಲ್ಲಿ ಒಮ್ಮೆ, ಹಿಂಗಾರಿನ ಮಳೆ ಮುಗಿದ ಮೇಲೆ ಒಮ್ಮೆ ಹೀಗೆ ಆಳವಾಗಿ ಕಡಿದರೆ ಸಾಕು. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಕುಡಿಗಳನ್ನು ಸವರುತ್ತಿರಬೇಕು. ಕಿತ್ತ ಗರಿಕೆಯನ್ನು ಹಸಿಯಾಗಿ ತಿಪ್ಪೆಗೆ ಎಸೆಯಬಾರದು, ಅಲ್ಲಿಯೂ ಅದು ಚಿಗುರುತ್ತದೆ. ಮಣ್ಣು ಕೊಡವಿ ದನಕ್ಕೆ ಹಾಕಬಹುದು, ಇಲ್ಲವೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗೊಬ್ಬರಕ್ಕೆ ಸೇರಿಸಬಹುದು. ಕಳೆನಾಶಕ ಸಿಂಪಡಿಸುವ ಸುಲಭದ ಹಾದಿಯನ್ನು ಹಿಡಿಯದಿರುವುದೇ ವಿವೇಕ. ಮಕ್ಕಳೂ ದನಕರುಗಳೂ ತಿರುಗಾಡುವ ಜಾಗವದು.

ಕಲ್ಲಿನ ಅಂಚು

ಪ್ರತಿ ವರ್ಷ ಕಡಿಯುವ ಶ್ರಮ ಬೇಡವೆನ್ನುವವರು ಕಲ್ಲು ಅಥವಾ ಇಟ್ಟಿಗೆಯ ಅಂಚನ್ನು ಕಟ್ಟಿಸಬಹುದು. ಚಪ್ಪಡಿಯ ತುಂಡುಗಳನ್ನು ಆರು ಅಂಗುಲ ಆಳಕ್ಕೆ ನಿಲ್ಲಿಸಿ ಹೂಳಿದರೆ ನೆಲದೊಳಗಿನ ಕಾಂಡಗಳಿಗೆ ಬಹುಮಟ್ಟಿಗೆ ತಡೆಯಾಗುತ್ತದೆ. ಇಲ್ಲಿ ಹಲವರು ಮಾಡುವ ತಪ್ಪೊಂದುಂಟು. ಕಲ್ಲನ್ನು ನೆಲದಿಂದ ಮೇಲಕ್ಕೆ ಗೋಡೆಯಂತೆ ಎಬ್ಬಿಸಿದರೆ ದಾರಿಯ ಮೇಲೆ ಬಿದ್ದ ಮಳೆನೀರು ಹುಲ್ಲಿಗೆ ಸೇರದೆ ಬೀದಿಯ ಚರಂಡಿಗೆ ಹರಿದು ಹೋಗುತ್ತದೆ. ಕಲ್ಲಿನ ತಲೆ ದಾರಿಯ ಮಟ್ಟಕ್ಕಿರಲಿ, ಹುಲ್ಲಿನ ನೆಲ ಅದಕ್ಕಿಂತ ಒಂದು ಅಂಗುಲ ತಗ್ಗಿನಲ್ಲಿರಲಿ, ದಾರಿಯು ಹುಲ್ಲಿನ ಕಡೆಗೆ ತುಸು ಇಳಿಜಾರಾಗಿರಲಿ. 60 ಅಡಿ ಉದ್ದ, 10 ಅಡಿ ಅಗಲದ ವಾಹನದ ದಾರಿಯ ಮೇಲೆ 25 ಮಿಲಿಮೀಟರ್ ಮಳೆಯಾದರೆ ಸುಮಾರು 1,400 ಲೀಟರ್ ನೀರು ಬೀಳುತ್ತದೆ. ಅದು ಅಂಗಳದಲ್ಲಿಯೇ ಇಂಗಬೇಕಾದ ಸಂಪತ್ತು.

ನೀರಿಗೆ ತೀರ ಅಭಾವವಿರುವ ಮನೆಯವರು ಹುಲ್ಲುಹಾಸಿನ ಹಂಬಲವನ್ನೇ ಬಿಡುವುದರಲ್ಲಿ ನಾಚಿಕೆಯೇನೂ ಇಲ್ಲ. ಗುಡಿಸಿದ ಅಂಗಳ, ದಾರಿಯ ಎರಡೂ ಬದಿಗೆ ಸಾಲುಗಲ್ಲು, ಅಲ್ಲಲ್ಲಿ ಲೋಳೆಸರದ ಗಿಡ - ಇಷ್ಟಿದ್ದರೂ ಮನೆಗೆ ಲಕ್ಷಣ ಬರುತ್ತದೆ. ಹುಲ್ಲು ಬೇಕೆನ್ನುವವರು ಪಾತ್ರೆ, ಬಟ್ಟೆ ತೊಳೆದ ನೀರಿನಲ್ಲಿ ಎಷ್ಟು ಬೆಳೆಯಬಹುದೋ ಅಷ್ಟಕ್ಕೆ ಗೆರೆ ಎಳೆದುಕೊಳ್ಳಲಿ. ಬೇಸಿಗೆಯಲ್ಲಿ ಅದು ಕಂದಾದರೆ ಗಾಬರಿ ಬೇಡ, ಗರಿಕೆಯ ಬೇರು ಸುಲಭವಾಗಿ ಸಾಯುವುದಿಲ್ಲ.

ಈ ಕೆಲಸಕ್ಕೆ ಆಳು ಬೇಕಿಲ್ಲ. ರಜೆಯ ದಿನ ತಂದೆ ಸಲಿಕೆ ಹಿಡಿದರೆ, ಮಕ್ಕಳು ಹುರಿ ಹಿಡಿಯಲಿ. ತಮ್ಮ ಮನೆಯ ಹಸಿರು ಎಲ್ಲಿಗೆ ನಿಲ್ಲಬೇಕು ಎಂಬುದನ್ನು ತಾವೇ ಗೆರೆ ಎಳೆದು ನೋಡಿದ ಮಗು ನಲ್ಲಿಯನ್ನು ಸುಮ್ಮನೆ ತೆರೆದಿಡುವುದಿಲ್ಲ. ದೇಹಕ್ಕೆ ಕಾಯಕ, ಮನೆಗೆ ಶೋಭೆ, ನೆರೆಮನೆಗೆ ನಾಲ್ಕು ಕೊಡ ನೀರು - ಒಂದು ನೇರವಾದ ಅಂಚಿನಿಂದ ಇಷ್ಟು ಲಾಭ ದೊರೆಯುವುದಾದರೆ, ಮುಂದಿನ ಮಳೆಯ ಮರುದಿನವೇ ಗೂಟ ನೆಡಬಾರದೇಕೆ?