58ಕ್ಕಾ, 60ಕ್ಕಾ?

ನಂಜನಗೂಡು ಕೈಗಾರಿಕಾ ಪ್ರದೇಶ. ಶಿಫ್ಟ್ ಮುಗಿಸಿ, ಟಿ. ನರಸೀಪುರದ ಕಡೆ ಹೊರಟ ಇಬ್ಬರ ಮಾತು: 'ಅಣ್ಣ, ನಂಗೆ 58 ತುಂಬ್ತು. ಪಿಂಚಣಿ ಈಗ್ಲೇ ತಗೊಳ್ಳಾ, 60ಕ್ಕೆ ತಗೊಳ್ಳಾ?'

ಇದು 1995ರ ನೌಕರರ ಪಿಂಚಣಿ ಯೋಜನೆ. ನಮ್ಮ ಬಾಯಲ್ಲಿ ಪಿಎಫ್ ಪಿಂಚಣಿ. 10 ವರ್ಷ ಸೇವೆ ಆಗಿದ್ರೆ 58ಕ್ಕೆ ಪೂರ್ತಿ ಸಿಗುತ್ತೆ, ಕೆಲಸದಲ್ಲಿದ್ರೂ. ಮುಂದೂಡಿದ್ರೆ ವರ್ಷಕ್ಕೆ ಶೇ. 4 ಜಾಸ್ತಿ, 60ರವರೆಗೆ ಮಾತ್ರ.

ಆಸೆ ಆಗುತ್ತೆ ಅಲ್ವಾ? ಬಸ್ ಟಿಕೆಟ್ ಹಿಂದೇನೇ ಲೆಕ್ಕ ಹಾಕೋಣ. 58ಕ್ಕೆ ತಿಂಗಳಿಗೆ 5,000 ಬರೋದು, 60ಕ್ಕೆ ಸುಮಾರು 5,400. ಆದ್ರೆ ಎರಡು ವರ್ಷ ಕೈಬಿಟ್ಟಿದ್ದು 1,20,000. ತಿಂಗಳಿಗೆ 400ರಂತೆ ಅದು ವಾಪಸ್ ಬರೋಕೆ 25 ವರ್ಷ. ಅಷ್ಟೊತ್ತಿಗೆ ನಿಮಗೆ 85! ನಾನಾಗಿದ್ರೆ 58ಕ್ಕೇ ತಗೊಳ್ತಿದ್ದೆ.

50 ದಾಟಿ ಕೆಲಸ ಬಿಟ್ಟೋರು ಬೇಗನೂ ತಗೋಬಹುದು. ಆದ್ರೆ 58ಕ್ಕೆ ಎಷ್ಟು ವರ್ಷ ಕಮ್ಮಿಯೋ, ಅಷ್ಟಕ್ಕೂ ಶೇ. 4ರಂತೆ ಕಡಿತ. ಅದು ಕೊನೇವರೆಗೂ.

ಅರ್ಜಿ ಫಾರಂ 10-ಡಿ. ಹಾಕೋ ಮುಂಚೆ ಆಧಾರ್, ಪಿಎಫ್ ಎರಡರಲ್ಲೂ ಹುಟ್ಟಿದ ತಾರೀಕು ಒಂದೇನಾ ನೋಡ್ಕೊಳ್ಳಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಲ್ಲಿ ಬರೆದ ಜೂನ್ 1 ಇದ್ಯಲ್ಲ, ಅಲ್ಲೇ ಅರ್ಜಿ ಸಿಕ್ಕಿಕೊಳ್ಳೋದು.